ಕೊಂಡಮ್ಮನ ಹಾಡಿಗೆ ಎದುರು ದನಿ

ಕೌತಾಳಂ ಕಡೆಯ ಹತ್ತಿ ಹೊಲಗಳಲ್ಲಿ ಹಾಡಿಗೊಂದು ಕಟ್ಟಳೆ ಇತ್ತು. ಒಬ್ಬಳು ಒಂದು ನುಡಿ ಎತ್ತಿಕೊಡಬೇಕು, ಹತ್ತಿ ಬಿಡಿಸುವ ಉಳಿದವರೆಲ್ಲ ಅದನ್ನೇ ತಿರುಗಿ ಹಾಡಬೇಕು. ಅವರದು ಮುಗಿಯುವ ಮೊದಲೇ ಮುಂದಿನ ನುಡಿಗೆ ಹಾರಿದವಳಿಗೆ ಸೊಕ್ಕಿನವಳೆಂದು ಹೆಸರು ಬೀಳುತ್ತಿತ್ತು. ಹತ್ತು ವರ್ಷದಿಂದ ಎತ್ತಿಕೊಡುವವಳು ಕೊಂಡಮ್ಮ. ಎದುರು ಹಾಡುವವರಿಗೆ ಹಿರಿಯಳು ಆಕೆಯ ಚಿಕ್ಕಮ್ಮ ಹುಸೇನಮ್ಮ.

ನಲವತ್ತಾರನೆಯ ಇಸವಿಯಲ್ಲಿ ಚಂದ್ರಣ್ಣ ಆಕೆಯನ್ನು ಹುಡುಕಿಕೊಂಡು ಬಂದ. ಆದೋನಿಯ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು ಈಗ ಮದರಾಸಿನ ಸಿನಿಮಾದವರ ಜೊತೆಗಿದ್ದ. ಅವರ ಹೊಸ ಸಿನಿಮಾದ್ದು ಹೊಲದಲ್ಲಿ ಹಾಡುವ ಹುಡುಗಿ ದೊಡ್ಡ ಗಾಯಕಿಯಾಗುವ ಕಥೆಯಂತೆ. ನಾಯಕಿಗೆ ಮುಖವಿತ್ತು, ಕಂಠವಿರಲಿಲ್ಲ; ಆಕೆಯ ಹಾಡನ್ನು ಕೊಂಡಮ್ಮ ಹಾಡಿಕೊಡಬೇಕಿತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಹೇಗೆ ಹೋಗುವುದೆಂದು ಕೊಂಡಮ್ಮ ಹಿಂದೆ ಮುಂದೆ ನೋಡಿದಾಗ ಹುಸೇನಮ್ಮ ಒಂದೇ ಮಾತಿನಲ್ಲಿ ತೀರಿಸಿದಳು.

"ನಿನ್ನ ಸಾಲು ನಾವು ಬಿಡಸ್ತೀವಿ, ಹೋಗು. ಹಾಡಲಾರದ ಮಾತ್ರ ಬರಬ್ಯಾಡ."

ಆ ಮಾತು ರೈಲಿನ ದಾರಿಯುದ್ದಕ್ಕೂ ಕೊಂಡಮ್ಮನ ಎದೆಯ ಮೇಲೆ ಕೂತಿತ್ತು.

ಮದರಾಸಿನಲ್ಲಿ, ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದ ಕೋಣೆಯಲ್ಲಿ ಆಕೆಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಮೊದಲ ನುಡಿಗೇ ಪಿಟೀಲಿನವನು ತಲೆದೂಗಿದ. ಆಮೇಲೆ ಆಕೆ ಗಪ್ಪಾದಳು. ಯಂತ್ರ ತಿರುಗುತ್ತಿದೆ, ಫಿಲ್ಮು ಹಾಳಾಗುತ್ತಿದೆ, ಮಹಾರಾಯಿತಿ ಬಾಗಿಲು ನೋಡುತ್ತ ನಿಂತಿದ್ದಾಳೆ. ಎರಡನೆಯ ಸಲವೂ ಅದೇ ಕಥೆ. ಇನ್ನೊಮ್ಮೆ ಹೀಗಾದರೆ ಬೇರೆ ಗಾಯಕಿಗೆ ಹೇಳಿಕಳಿಸುವುದಾಗಿ ನಿರ್ದೇಶಕರು ಸಿಡಿಮಿಡಿಗೊಂಡು ಕಾಫಿಗೆ ಎದ್ದರು.

ಹಾಡು ಮರೆತೆಯಾ ಎಂದು ಚಂದ್ರಣ್ಣ ಪಕ್ಕಕ್ಕೆ ಕರೆದು ಕೇಳಿದ. ಕೊಂಡಮ್ಮನ ಕಣ್ಣು ತುಂಬಿತ್ತು.

"ಮರ್ತಿಲ್ಲಣ್ಣ. ಎದುರಿನವರು ಹಾಡಿ ಮುಗಸಲಾರದ ನಾ ಹ್ಯಾಂಗ ಮುಂದಕ್ಕ ಹೋಗ್ಲಿ? ಬಾಯೇ ಏಳವಲ್ದು."

ಚಂದ್ರಣ್ಣ ನಗಲಿಲ್ಲ. ಅವನೂ ಆ ಹೊಲಗಳ ನಡುವೆ ಬೆಳೆದವನೇ. ಆಕೆ ಸುಮ್ಮನಿರುವಷ್ಟು ಹೊತ್ತು ಕೊಳಲು ನುಡಿಯಲಿ ಎಂದು ನಿರ್ದೇಶಕರನ್ನು ಕಾಡಿ ಬೇಡಿ ಒಪ್ಪಿಸಿದ. ಮನಸ್ಸಿನೊಳಗೇ ಹುಸೇನಮ್ಮನನ್ನು ಹಾಡಿಸು, ಆಕೆಯದು ಮುಗಿದ ಮೇಲೆ ನೀನು ಎತ್ತು ಎಂದು ಕೊಂಡಮ್ಮನಿಗೆ ಹೇಳಿದ. ಮೂರನೆಯ ಸಲ ಆಕೆ ಕಣ್ಣು ಮುಚ್ಚಿ ಹಾಡಿದಳು, ಕಾದಳು, ಮತ್ತೆ ಹಾಡಿದಳು. ಮುಗಿದಾಗ ನಿರ್ದೇಶಕರೇ ಕಾಫಿ ತರಿಸಿ ಆಕೆಯ ಕೈಗಿತ್ತರು.

ಮರುವರ್ಷ ಆ ಹಾಡು ಗ್ರಾಮಫೋನ್ ಪ್ಲೇಟಾಗಿ ಬಂದು ಬಳ್ಳಾರಿ, ರಾಯಚೂರಿನ ಹೋಟೆಲುಗಳಲ್ಲಿ ಮೊಳಗಿತು. ಆಕೆಯ ಮುಖ ಕಾಣದವರೂ ಕೊಂಡಮ್ಮ ನಮ್ಮಾಕೆ ಎಂದು ಹೇಳಿಕೊಂಡು ತಿರುಗಿದರು. ಮುಂದಿನ ಸಿನಿಮಾಕ್ಕೂ ಕರೆ ಬಂತು. ಮತ್ತೆ ಅದೇ ಹತ್ತಿಯ ದಿನಗಳು. ಇನ್ನೊಮ್ಮೆ ಜೊತೆಯವರ ಮೇಲೆ ತನ್ನ ಸಾಲಿನ ಹೊರೆ ಹಾಕುವುದು ಹೇಗೆಂದು ಆಕೆ ಉತ್ತರ ಕೊಟ್ಟಿರಲಿಲ್ಲ.

ಸಿನಿಮಾ ಆದೋನಿಯ ಟೆಂಟಿಗೆ ಬಂದ ದಿನ ಊರಿನ ಹೆಂಗಸರೆಲ್ಲ ಗಾಡಿ ಕಟ್ಟಿಸಿಕೊಂಡು, ಕೊಂಡಮ್ಮನನ್ನೂ ಕರೆದುಕೊಂಡು ಮೊದಲ ಆಟಕ್ಕೇ ಬಂದು ನೆಲದ ಮೇಲೆ ಕೂತರು. ಪರದೆಯ ಮೇಲೆ ರೇಷ್ಮೆ ಸೀರೆಯ ನಾಯಕಿ ಬೆರಳ ತುದಿಯಲ್ಲಿ ಹತ್ತಿ ಬಿಡಿಸುತ್ತಿದ್ದಳು. ಈಕೆಯಿಂದ ಸಂಜೆಗೆ ಒಂದು ಮಡಿಲೂ ತುಂಬುವುದಿಲ್ಲವೆಂದು ಹುಸೇನಮ್ಮ ಮೂಗು ಮುರಿದಳು. ಅಷ್ಟರಲ್ಲಿ ಪರದೆಯಿಂದ ಕೊಂಡಮ್ಮನ ದನಿ ಎದ್ದಿತು.

ಮೊದಲ ನುಡಿ ಮುಗಿಯಿತು, ಕೊಳಲು ಶುರುವಾಯಿತು. ಅದನ್ನು ಕೇಳುವವರು ಯಾರು? ಹುಸೇನಮ್ಮ ದನಿ ಎತ್ತಿದಳು, ಹಿಂದೆಯೇ ಮೂವತ್ತು ಹೆಂಗಸರು ಎತ್ತಿದರು. ಕುರ್ಚಿಯವರು ಎದ್ದು ನಿಂತು ನೋಡಿದರು. ನಾಯಕಿ ಪರದೆಯ ಮೇಲೆ ಬಾಯಿ ಮುಚ್ಚಿ, ಇವರದು ಮುಗಿಯಲೆಂದೇ ಕಾದಂತೆ ನಿಂತಿದ್ದಳು.

ಎರಡನೆಯ ನುಡಿ ಬಂದು ಮುಗಿಯಿತು. ಹತ್ತು ವರ್ಷ ಎತ್ತಿಕೊಟ್ಟವಳು ಒಮ್ಮೆಯೂ ಎದುರು ಹಾಡಿರಲಿಲ್ಲ. ಈಗ ಎತ್ತಿಕೊಡುವ ಕೆಲಸವನ್ನು ಪರದೆಯೇ ನೋಡಿಕೊಳ್ಳುತ್ತಿತ್ತು. ಕೊಂಡಮ್ಮ ಅಳುತ್ತಲೇ, ಸಂತೋಷ ತಡೆಯಲಾರದೆ, ಎಲ್ಲರ ಜೊತೆ ದನಿಗೂಡಿಸಿದಳು.

ಆಟ ಬಿಟ್ಟ ಮೇಲೆ ಹುಸೇನಮ್ಮ ಸೆರಗು ಕೊಡವಿಕೊಳ್ಳುತ್ತ ಹೇಳಿದಳು:

"ಮದ್ರಾಸಿಗೆ ಹೋಗವ್ವಾ. ಈ ಸಲನೂ ನಮಗಿಷ್ಟು ಜಾಗ ಬಿಟ್ಟು ಹಾಡು."

ಕೊಂಡಮ್ಮ ಹ್ಞೂಂ ಅಂದಳು.