ಮೂರನೇ ದಿನದ ಬಣ್ಣ

“ಬನ್ನಿ ಬನ್ನಿ, ನೋಡಿ ನನ್ನ ಮೊಮ್ಮಗಳ ಬಣ್ಣಾನ! ಅಪ್ಪಟ ಚಿನ್ನ!”

ಮಗು ಹುಟ್ಟಿ ಮೂರು ದಿನವಾಗಿತ್ತು, ಆಸ್ಪತ್ರೆಯಿಂದ ಬಂದು ಒಂದೇ ದಿನ. ಪಕ್ಕದ ಮನೆಯಾಕೆ ಒಳಗೆ ಕಾಲಿಟ್ಟಳೋ ಇಲ್ಲವೋ, ಅಜ್ಜಿ ಹೊದಿಕೆ ಸರಿಸಿ ಕೂಸಿನ ಮುಖ ತೋರಿಸಿದಳು. ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತವಳು ಅವಳು. ಗಿರಾಕಿಯ ಮೈಬಣ್ಣ ನೋಡಿಯೇ ಕಪಾಟಿನಿಂದ ಬಟ್ಟೆ ಇಳಿಸುತ್ತಿದ್ದಳು. ಸೊಸೆ ಕಪ್ಪಗಿದ್ದದ್ದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಮಗುವಾದರೂ ನಮ್ಮ ಕಡೆ ಹೋಗಲಿ ಎಂದು ಒಂಬತ್ತು ತಿಂಗಳೂ ಹಲುಬಿದ್ದಳು. ಈಗ ಕೈಯಲ್ಲಿ ಹೊಂಬಣ್ಣದ ಕೂಸು, ಹಿಡಿಯುವವರುಂಟೇ ಅವಳನ್ನು!

ಸೊಸೆ ಮಂಚದಿಂದಲೇ ಮೆಲ್ಲಗೆ ಹೇಳಿದಳು: “ಅತ್ತೆ, ಕಣ್ಣಿನ ಬಿಳೀನೂ ಹಳದಿಯಾಗಿದೆ. ಹಾಲು ಸರಿಯಾಗಿ ಕುಡೀತಿಲ್ಲ. ಹಳದಿ ಕಂಡ್ರೆ ತಕ್ಷಣ ಬನ್ನಿ ಅಂತ ನರ್ಸ್ ಹೇಳಿದ್ರು. ಒಂದ್ಸಲ ತೋರಿಸ್ಕೊಂಡು ಬರೋಣ.”

“ಮಗು ನಿನ್ನ ಥರ ಆಗ್ಲಿಲ್ಲ ಅಂತ ಹೊಟ್ಟೆಉರಿ ನಿಂಗೆ! ಎಳೇ ಕೂಸಿಗೆ ಸೂಜಿ ಚುಚ್ಚಿಸ್ತಾಳಂತೆ! ನಾನೇನು ಹೆತ್ತಿಲ್ವಾ? ಹುಟ್ಟಿದಾಗ ನಿನ್ನ ಗಂಡನ ಕಣ್ಣೂ ಸ್ವಲ್ಪ ಹಳದಿ ಇತ್ತು, ವಾರದಲ್ಲಿ ತಾನೇ ಹೋಯ್ತು.”

ಸೊಸೆ ಮಾರನೇ ದಿನವೂ ಅಂಗಲಾಚಿದಳು. ಮಗ ಇಬ್ಬರ ಮುಖವನ್ನೂ ನೋಡಿ, ತಲೆ ಕೆರೆದುಕೊಂಡು ಕೆಲಸಕ್ಕೆ ಹೋದ. ಅಮ್ಮನಿಗೆ ಎದುರಾಡುವ ಪೈಕಿಯವನಲ್ಲ ಅವನು.

ಐದನೇ ದಿನ ಬೆಳಿಗ್ಗೆ ಮಗು ಹಾಲಿಗೆ ಬಾಯಿಯನ್ನೇ ತೆರೆಯಲಿಲ್ಲ. ಬೆನ್ನು ಬಿಲ್ಲಿನಂತೆ ಸೆಟೆದುಕೊಂಡಿತು, ಅಳು ಕೀರಲಾಯಿತು. ಎದ್ದೆವೋ ಬಿದ್ದೆವೋ ಎಂದು ಆಸ್ಪತ್ರೆಗೆ ಓಡಿದರು. ರಕ್ತಪರೀಕ್ಷೆಯ ಚೀಟಿಯಲ್ಲಿ ಬಿಲಿರುಬಿನ್ ಮೂವತ್ತೊಂದು ಎಂದಿತ್ತು.

“ಹಳೇ ರಕ್ತಕಣ ಒಡೆದಾಗ ಬರೋ ಹಳದಿ ಅಂಶ ಇದು,” ಎಂದರು ಡಾಕ್ಟರು. “ಎಲ್ಲರಲ್ಲೂ ಇರುತ್ತೆ, ಲಿವರ್ ಅದನ್ನ ಹೊರಗೆ ಹಾಕುತ್ತೆ. ಹಸುಗೂಸಿನ ಲಿವರ್ ಇನ್ನೂ ಪಳಗಿರಲ್ಲ, ಅದಕ್ಕೇ ತುಂಬಾ ಮಕ್ಕಳು ಸ್ವಲ್ಪ ಹಳದಿಯಾಗಿ ಸರಿಹೋಗ್ತಾವೆ. ಆದ್ರೆ ಎಷ್ಟಿದೆ ಅಂತ ಬರೀ ಕಣ್ಣಲ್ಲಿ ಹೇಳೋಕಾಗಲ್ಲ, ರಕ್ತ ನೋಡ್ಬೇಕು. ಇಷ್ಟು ಏರಿದ್ರೆ ಮಿದುಳಿಗೆ ಪೆಟ್ಟು.”

“ಮೊನ್ನೆಯೇ ಬಂದಿದ್ರೆ?” ಸೊಸೆ ಕೇಳಿದಳು.

“ನೀಲಿ ಬೆಳಕಿನ ಕೆಳಗೆ ಒಂದೆರಡು ದಿನ ಮಲಗಿಸಿದ್ರೆ ಸಾಕಾಗ್ತಿತ್ತೇನೋಮ್ಮ.”

ಮಗುವಿನ ರಕ್ತವನ್ನೇ ಬದಲಾಯಿಸಿದರು. ಜೀವ ಉಳಿಯಿತು. ಹಳದಿ ಇಳಿದು ತಾಯಿಯ ಬಣ್ಣವೇ ಮೂಡಿತು. ಆದರೆ ಪಾತ್ರೆ ಬಿದ್ದರೆ ಮಗು ಬೆಚ್ಚಲಿಲ್ಲ, ಕರೆದರೆ ತಿರುಗಲಿಲ್ಲ, ವರ್ಷವಾದರೂ ಕತ್ತು ನಿಲ್ಲಲಿಲ್ಲ.

“ತಾಯಿ ಕಡೆಯಿಂದ ಬಂದದ್ದು,” ಎಂದರು ನೆಂಟರು. ಸೊಸೆ ನಡೆದದ್ದನ್ನು ಹೇಳಿದರೆ ಯಾರೂ ನಂಬಲಿಲ್ಲ. ಅಜ್ಜಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಆ ಸುಳ್ಳು ಅವಳಿಗೆ ಹಾಯೆನಿಸಿತ್ತು. ಕೊನೆಗೆ ಸೊಸೆ ಮಾತಾಡುವುದನ್ನೇ ಬಿಟ್ಟಳು. ಇವಳನ್ನು ತವರಿಗೆ ಕಳಿಸಿಬಿಡು, ಇನ್ನೊಂದೂ ಹೀಗೇ ಆದರೇನು ಗತಿ ಎಂದು ಮಗನ ಚಿಕ್ಕಪ್ಪ ಅವನ ಕಿವಿ ಊದತೊಡಗಿದ. ಮಗ ಬೇಡವೆನ್ನಲಿಲ್ಲ.

ಅಂಥ ದಿನಗಳಲ್ಲೇ ಒಮ್ಮೆ ಮಗುವಿನ ಕಿವಿ ಪರೀಕ್ಷೆಗೆ ನಾಲ್ವರೂ ಹೋದರು. ಪರೀಕ್ಷೆ ಮಾಡುವಾಕೆ ಫಾರಂ ತುಂಬುತ್ತ ಕೇಳಿದಳು: “ಮನೇಲಿ ಯಾರಿಗಾದ್ರೂ ಕಿವಿ ಕೇಳಿಸಲ್ವಾ?”

“ನಮ್ಮ ಕಡೆ ಇಲ್ಲ. ಇವಳ ಕಡೆ ಇರ್ಬೇಕು,” ಎಂದ ಮಗ.

ಸೊಸೆ ತಲೆ ಎತ್ತಲಿಲ್ಲ. ಸೆರಗಿನಿಂದ ಮಗುವಿನ ಜೊಲ್ಲು ಒರೆಸಿದಳು. ಅಜ್ಜಿ ಅದನ್ನೇ ನೋಡುತ್ತಿದ್ದಳು.

“ಸುಳ್ಳು,” ಎಂದಳು ಅವಳು. “ಬರ್ಕೊಳ್ಳಮ್ಮ. ಮೂರನೇ ದಿನ ಮಗು ಹಳದಿ ಇತ್ತು. ಡಾಕ್ಟರಿಗೆ ತೋರಿಸೋಣ ಅಂತ ತಾಯಿ ಬಡ್ಕೊಂಡ್ಲು. ಅಜ್ಜಿ ಬಿಡ್ಲಿಲ್ಲ.”

“ಅಮ್ಮಾ, ಅದೆಲ್ಲ ಈಗ್ಯಾಕೆ?”

“ಸುಮ್ನಿರೋ. ಬಾಯಿ ಬಿಡ್ಬೇಕಾದಾಗ ನೀನು ಸುಮ್ನಿದ್ದೆ.”

ಆಕೆ ಪೆನ್ನು ತಡೆದು ಕೇಳಿದಳು: “ಯಾಕಜ್ಜಿ ಬಿಡ್ಲಿಲ್ಲ?”

“ಬಣ್ಣ ಚೆನ್ನಾಗಿತ್ತು.”

ಸೊಸೆ ಇಷ್ಟು ದಿನ ಅದುಮಿಟ್ಟದ್ದೆಲ್ಲ ಒಡೆದು, ಹೊರಗಿನ ಸಾಲಿನವರೆಲ್ಲ ಎದ್ದುನಿಂತು ನೋಡುವಷ್ಟು ಗಟ್ಟಿಯಾಗಿ ಅತ್ತಳು. ಅವಳ ಮಡಿಲಲ್ಲಿ ಮಲಗಿದ್ದ ಮಗು ಮಾತ್ರ ಗೋಡೆಯ ಕಡೆಗೇ ನೋಡುತ್ತಿತ್ತು.