ಚಾಕ್ ಗೆರೆಯ ಮೊಟ್ಟೆಗಳು

ಮೊಟ್ಟೆಗಳು ಎರಡು ಕಂತಿನಲ್ಲಿ ಬಂದವು. ಮಂಗಳವಾರ ಆರು, ಶನಿವಾರ ಆರು. ಕಳಿಸಿದಾತ ಎಲ್ಲೋ ದೂರದಲ್ಲಿ ಗುಂಗುರು ಗರಿಯ ಕೋಳಿ ಸಾಕುತ್ತಿದ್ದ ಮುದುಕ. "ಹೇಂಟೆಗಳಿಗೆ ವಯಸ್ಸಾಯ್ತು, ಇಟ್ಟಷ್ಟು ಕಳಿಸ್ತೀನಿ, ಇವೇ ಕೊನೇವು" ಎಂದು ಫೋನಿನಲ್ಲಿ ಹೇಳಿದ್ದ.

ಇವು ಬೇಕಾಗಿದ್ದು ದರ್ಜಿಗೆ. ಎರಡು ತಿಂಗಳ ಹಿಂದೆ ಒಂದು ರಾತ್ರಿ ಅವನ ಮನೆಯ ಕೋಳಿಗೂಡಿನ ಚಿಲಕ ತೆರೆದಿತ್ತು. ನಾಯಿ ನುಗ್ಗಿ ಅವನ ಹೆಂಡತಿಯ ಮುದ್ದಿನ ಕೋಳಿ ಗುಂಗುರಿಯನ್ನು ಕಚ್ಚಿಕೊಂಡು ಹೋಗಿತ್ತು. ಮನೆಯಲ್ಲಿ ಮರೆಗುಳಿ ಯಾರು? ಟೇಪು ಕೊರಳಲ್ಲಿ ನೇತಾಡುತ್ತಿದ್ದರೂ ಅಂಗಡಿಯೆಲ್ಲ ಟೇಪು ಹುಡುಕುವ ಆಸಾಮಿ ಅವನೇ. ಚಿಲಕ 'ಟಕ್' ಎಂದ ನೆನಪು ಮಸುಕಾಗಿ ಇತ್ತು, ಆದರೆ ತನ್ನ ನೆನಪನ್ನು ತಾನೇ ನಂಬುವ ಧೈರ್ಯ ಅವನಿಗಿರಲಿಲ್ಲ. "ನಾನೇ ಮರೆತಿರಬೇಕು" ಅಂದುಬಿಟ್ಟ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಲ್ಲಾ ಬಂದ್ಮೇಲೆ ಒಟ್ಟಿಗೇ ಕಾವಿಗೆ ಇಡಿ," ಎಂದಳು ಅವಳು ಮಂಗಳವಾರ. "ನಾಲ್ಕು ದಿನ ತಂಪಾಗಿರೋ ಕಡೆ ಇದ್ರೆ ಏನೂ ಆಗಲ್ಲ. ಗುಂಗುರೀನೂ ಎಲ್ಲಾ ಇಟ್ಟು ಮುಗಿಸಿ ಆಮೇಲೆ ತಾನೇ ಕೂರ್ತಿದ್ದಿದ್ದು."

ಆತುರಗಾರನಿಗೆ ಬುದ್ಧಿ ಮಟ್ಟ. ಮೊಟ್ಟೆಗಳಿಗೆ ಪ್ರಯಾಣದ ದಣಿವಾರಲೂ ಬಿಡದೆ ಅವತ್ತು ಸಂಜೆಯೇ ಆರನ್ನೂ ಕಾವು ಪೆಟ್ಟಿಗೆಯೊಳಗಿಟ್ಟ. ಶನಿವಾರದವು ಅದೇ ಪೆಟ್ಟಿಗೆ ಸೇರಿದವು. ಗುರುತಿಗೆ ಅಂಗಡಿಯ ಚಾಕ್‌ನಿಂದ ಮೊದಲಿನವಕ್ಕೆ ನೀಲಿ ಗೆರೆ, ಆಮೇಲಿನವಕ್ಕೆ ಕೆಂಪು ಗೆರೆ ಎಳೆದು, ತನ್ನ ಜಾಣತನಕ್ಕೆ ತಾನೇ ಹಿಗ್ಗಿದ.

ಆಮೇಲೆ ಅವನ ಮನಸ್ಸು ಹೊಲಿಗೆಯಲ್ಲಿ ನಿಲ್ಲಲಿಲ್ಲ. ಗುಂಡಿ ಹಚ್ಚುತ್ತಾ, ಈಗ ಕಣ್ಣು ಮೂಡಿರಬಹುದೇ, ಕೊಕ್ಕು ಯಾವತ್ತು ಬರುತ್ತದೆ ಎಂದು ಯೋಚಿಸುವನು. ಐದನೇ ದಿನ ಮೊಟ್ಟೆಗೆ ಟಾರ್ಚ್ ಹಿಡಿದಾಗ ಕೆಂಪು ಎಳೆಗಳ ನಡುವೆ ಸಾಸಿವೆಯಷ್ಟು ಚುಕ್ಕೆ ಮಿಡಿಯುತ್ತಿತ್ತು. ಗಿರಾಕಿಯ ಅಳತೆ ತೆಗೆಯುವಾಗಲೂ ಅದೇ ಕಣ್ಣಮುಂದೆ ಬಂದು, ಒಂದು ಅಂಗಿಗೆ ಎರಡೂ ಎಡಗೈ ತೋಳು ಕತ್ತರಿಸಿದ.

ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕಿತ್ತು. ಹೊರಳಿಸಿ ಹೊರಳಿಸಿ ಒಂದು ದಿನ ನೋಡಿದರೆ ನೀಲಿಯೂ ಇಲ್ಲ, ಕೆಂಪೂ ಇಲ್ಲ. ಹೊಲಿಗೆ ಮುಗಿಯುವಷ್ಟರಲ್ಲಿ ಉದುರಿಹೋಗಬೇಕು, ಆ ಚಾಕ್‌ನ ಗುಣವೇ ಅದು. ಮೂವತ್ತು ವರ್ಷ ಅದಕ್ಕೇ ಅದನ್ನು ಹೊಗಳಿದವನು ಈಗ ತಲೆಯ ಮೇಲೆ ಕೈ ಹೊತ್ತು ಕೂತ.

ಮರಿ ಹೊರಬರುವುದು ಇಪ್ಪತ್ತೊಂದನೇ ದಿನದ ಹೊತ್ತಿಗೆ. ಹದಿನೆಂಟನೇ ದಿನಕ್ಕೆ ಮೊದಲಿನವನ್ನು ಹೊರಳಿಸುವುದು ನಿಲ್ಲಿಸಿ, ತೇವ ಹೆಚ್ಚಿರುವ ಇನ್ನೊಂದು ಪೆಟ್ಟಿಗೆಗೆ ಸಾಗಿಸಬೇಕು. ಎಳೆಯವು ಅಲ್ಲಿಗೆ ಹೋದರೂ ಕೆಟ್ಟವು, ಬಲಿತವು ಇಲ್ಲೇ ಉಳಿದರೂ ಕೆಟ್ಟವು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಗೂಡು ಇರುತ್ತದೆ, ದಿನ ಕಳೆದಂತೆ ಹಿಗ್ಗುತ್ತದೆ. ಟಾರ್ಚ್ ಬೆಳಕಿನಲ್ಲಿ ಟೇಪು ಹಿಡಿದು ಅದನ್ನು ಅಳೆದ. ದಾರಿಯುದ್ದಕ್ಕೂ ಕುಲುಕಿ ಬಂದ ಮೊಟ್ಟೆಗಳು. ಗಾಳಿಗೂಡು ಒಂದೊಂದರಲ್ಲಿ ಒಂದೊಂದು ಕಡೆ ವಾಲಿತ್ತು. ಅಳತೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು.

ಹದಿನೆಂಟನೇ ದಿನ ಬಂದೇಬಿಟ್ಟಿತು.

"ಒಂದು ಮಾತು ಹೇಳಬೇಕಿತ್ತು ಕಣೇ," ಎಂದ. "ಗೆರೆ ಎಲ್ಲಾ ಅಳಿಸಿಹೋಗಿದೆ. ಯಾವುದು ಯಾವ ದಿನದ್ದು ಅಂತ ಗೊತ್ತಿಲ್ಲ."

"ಯಾವತ್ತು ಅಳಿಸಿದ್ದು?"

"ಒಂದು ವಾರ ಆಯ್ತು."

"ವಾರದಿಂದ ಒಬ್ಬರೇ ಒದ್ದಾಡ್ತಿದ್ದೀರಾ?" ಅವಳು ಟಾರ್ಚ್ ಕೈಗೆತ್ತಿಕೊಂಡಳು. "ಟೇಪು ಪಕ್ಕಕ್ಕಿಡಿ. ಪರದೆ ಎಳೀರಿ."

ದಪ್ಪ ತುದಿಗೆ ಟಾರ್ಚ್ ಒತ್ತಿ ಅವಳು ಚೂಪು ತುದಿಯನ್ನು ನೋಡಿದಳು. "ಪ್ಯಾಂಟು ಉದ್ದ ಸಾಕಾ ಅಂತ ನೀವು ಸೊಂಟ ನೋಡ್ತೀರಾ, ಕಾಲಿನ ತುದಿ ನೋಡ್ತೀರಾ? ಮರಿ ಬಲಿತಿದ್ರೆ ಈ ತುದಿವರೆಗೂ ತುಂಬಿರುತ್ತೆ, ಬೆಳಕು ಬರಲ್ಲ."

ದರ್ಜಿ ಬಗ್ಗಿ ನೋಡಿದ. ಒಂದು ಪೂರ್ತಿ ಕಪ್ಪು. ಇನ್ನೊಂದರ ತುದಿಯಲ್ಲಿ ಉಗುರಗಲ ಬೆಳಕು. ಮೂರು ಮೊಟ್ಟೆ ಜೊಳ್ಳೆಂದು ಮೊದಲೇ ತೆಗೆದಿದ್ದರು. ಉಳಿದ ಒಂಬತ್ತರಲ್ಲಿ ಐದು ಕಪ್ಪು, ನಾಲ್ಕರಲ್ಲಿ ಬೆಳಕು. ಅವಳು ಪೆನ್ಸಿಲಿನಲ್ಲಿ ಗುರುತು ಹಾಕಿ, ಐದನ್ನು ಸಾಗಿಸಿ ಮುಚ್ಚಳ ಮುಚ್ಚಿದಳು. ಮುಚ್ಚಳದ ಮೇಲಿಟ್ಟ ಕೈ ಮಾತ್ರ ತೆಗೆಯಲಿಲ್ಲ.

"ನಾನೂ ಒಂದು ಮಾತು ಹೇಳಬೇಕಿತ್ತು. ಅವತ್ತು ಚಿಲಕ ನೀವು ಹಾಕಿದ್ರಿ. ಆಮೇಲೆ ನೀರಿಡೋಕೆ ಹೋಗಿ ತೆರೆದಿಟ್ಟು ಬಂದವಳು ನಾನು. ನಾನೇ ಮರೆತೆ ಅಂತ ನೀವು ಅಂದಾಗ ಸುಮ್ನಿದ್ದೆ. ನಾಳೆ ಹೇಳೋಣ ಅಂತ ಇದ್ದು ಇದ್ದು, ಇಷ್ಟು ದಿನ ಆಗಿಹೋಯ್ತು."

ದರ್ಜಿಗೆ ಸಿಟ್ಟು ಬಂತು. ಎರಡು ತಿಂಗಳಿಗೂ ಹೆಚ್ಚು ತಲೆ ತಗ್ಗಿಸಿ ಉಂಡಿದ್ದ. ಆದರೆ ಸಿಟ್ಟಿನ ಜೊತೆಗೇ ವಿಚಿತ್ರವಾದೊಂದು ಸಂತೋಷವೂ ಬಂತು.

"ಹಾಗಾದ್ರೆ ಟಕ್ ಅಂದಿತ್ತು."

"ಅಂದಿತ್ತು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

ಎರಡು ದಿನ ಅವನು ಬಿಗುಮಾನದಲ್ಲೇ ಇದ್ದ. ಸೋಮವಾರ ಮಧ್ಯಾಹ್ನ ಪೆಟ್ಟಿಗೆಯೊಳಗಿಂದ 'ಚಿಂವ್' ಎಂಬ ಸದ್ದು ಕೇಳಿತು. ಸಿಟ್ಟಾಗಿದ್ದೇನೆ ಎಂಬುದನ್ನೇ ಮರೆತು, "ಬಾರೇ ಇಲ್ಲಿ, ಬೇಗ" ಎಂದ. ಒಳಗಿನ ತೇವ ಆರುತ್ತದೆಂದು ಮುಚ್ಚಳ ತೆಗೆಯುವ ಹಾಗಿಲ್ಲ. ಇಬ್ಬರೂ ಅದಕ್ಕೆ ಕಿವಿಯಿಟ್ಟು, ಐದರಲ್ಲಿ ಯಾವುದು ಎಂದು ಪಿಸುದನಿಯಲ್ಲಿ ವಾದ ಮಾಡಿದರು.

ಐದರಲ್ಲಿ ನಾಲ್ಕು ಒಡೆದವು, ಆಮೇಲಿನವುಗಳಲ್ಲಿ ಮೂರು. ಈಗ ಗೂಡಿಗೆ ಎರಡು ಚಿಲಕ. ಸಂಜೆ ಮೇಲಿನದನ್ನು ಅವನು ಹಾಕುತ್ತಾನೆ, ಕೆಳಗಿನದನ್ನು ಅವಳು. ಹಾಕಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಕೇಳುವಂತೆ "ಹಾಕಿದೆ" ಎನ್ನುತ್ತಾರೆ.