ಬೋಣಿಗಿಂತ ಮೊದಲು

"ಇನ್ನಾ ಬೋಣಿ ಆಗಿಲ್ಲ ತಂಗಿ," ಎಂದ ಕಾಂತೇಶ, ರೇಣು ಚಾಚಿದ ಸಿಡಿಯನ್ನು ಮುಟ್ಟದೆ. "ಮೊದಲನೇ ಗಿರಾಕಿನ ಮಾಲು ವಾಪಸ್ ತಂದ್ರ ಇಡೀ ದಿನಾ ವಾಪಸ್ಸ ಬರತಾವ. ಬೋಣಿ ಆಗಲಿ, ಆಮ್ಯಾಲ ಬಾ."

ರೇಣು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಕಾಂತೇಶನದು ನಾಲ್ಕನೆಯ ಅಂಗಡಿ. ಮುಂದೆ ಮೊಬೈಲಿನ ಕವರುಗಳು ತೋರಣದಂತೆ ನೇತಾಡುತ್ತಿದ್ದವು. ಒಳಗಿನ ಗಾಜಿನ ಕಪಾಟಿನಲ್ಲಿ ಹಳೆಯ ಗೇಮ್ ಸಿಡಿಗಳನ್ನು ಇಟ್ಟಿಗೆ ಒಟ್ಟಿದ ಹಾಗೆ ಒಟ್ಟಿದ್ದರು. ಆಗಷ್ಟೇ ಹಚ್ಚಿದ ಊದಿನಕಡ್ಡಿಯ ಹೊಗೆ ಗೋಡೆಯ ಮೇಲಿನ ಲಕ್ಷ್ಮಿಯ ಫೋಟೋದ ಮುಂದೆ ಸುತ್ತುತ್ತಿತ್ತು. ಆಮೇಲೆ ಎಂದರೆ ಎಷ್ಟು ಹೊತ್ತಿಗೆ ಎಂದು ಕೇಳಬೇಕೆಂದುಕೊಂಡಳು. "ಹೂಂನ್ರಿ," ಎಂದಷ್ಟೇ ಹೇಳಿ ಮೆಟ್ಟಿಲು ಇಳಿದಳು.

ಶನಿವಾರ ಸಂಜೆಯೂ ಹೀಗೇ ಆಗಿತ್ತು. ತನ್ನೂರು ಸಂಪಗಾಂವದಿಂದ ಬರುವ ಬಸ್ಸು ತಡವಾಗಿ, ಅವಳು ಅಂಗಡಿ ತಲುಪಿದಾಗ ಕಾಂತೇಶ ದೀಪಕ್ಕೆ ಕೈಮುಗಿಯುತ್ತಿದ್ದ. "ದೀಪಾ ಹಚ್ಚೇನಿ. ದೀಪಾ ಹಚ್ಚಿದ ಮ್ಯಾಲ ಅಂಗಡಿಯಿಂದ ವಾಪಸ್ ಕೊಡೂ ಪದ್ಧತಿ ಇಲ್ಲ. ಮುಂಜಾನೆ ಬಾ," ಎಂದಿದ್ದ. ಭಾನುವಾರ ಅಂಗಡಿ ತೆರೆಯುವುದಿಲ್ಲ. ಇವತ್ತು ಸೋಮವಾರ. ಅವಳು ಮುಂಜಾನೆಯ ಮೊದಲ ಬಸ್ಸಿಗೇ ಬಂದಿದ್ದಳು.

ಅಂಗಡಿಯ ಪಕ್ಕದಲ್ಲಿ ಗೋಣಿತಟ್ಟು ಹಾಸಿ ಕಾಡವ್ವ ಎಂಬ ಮುದುಕಿ ಪೇರಲಹಣ್ಣು ಮಾರುತ್ತಿದ್ದಳು. ರೇಣು ಅವಳ ಹತ್ತಿರದ ಕಲ್ಲಿನ ಮೇಲೆ ಕುಳಿತಳು.

"ಯಾಕ ಮಗಳ, ನಿನಗೂ ಬೋಣಿ ಕತಿ ಹೇಳಿದ್ನ?" ಎಂದಳು ಕಾಡವ್ವ, ಹಣ್ಣುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸುತ್ತ.

ರೇಣು ತಲೆಯಾಡಿಸಿದಳು.

"ಕುಂದರು ಹಂಗಾರ. ನಾನೂ ಮೂರು ವರ್ಷದಿಂದ ನೋಡಾಕ ಹತ್ತೇನಿ."

ರೇಣುವಿನ ಅಪ್ಪ ಬೀರಪ್ಪ ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು. ಹತ್ತಿ, ಬೆಲ್ಲ, ಉಳ್ಳಾಗಡ್ಡಿ, ಏನು ಹೇರಿದರೂ ಅದನ್ನು ಹುಬ್ಬಳ್ಳಿಗೋ ಗೋವಾಕ್ಕೋ ಮುಟ್ಟಿಸಿ, ಮೂರು ದಿನಕ್ಕೊಮ್ಮೆ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಝಾಡಿಸುತ್ತಿದ್ದ. ಹೋದ ವರ್ಷ ಅವನ ಬಲಗಾಲಿಗೊಂದು ಗುಳ್ಳೆ ಎದ್ದಿತು. ಸಕ್ಕರೆ ಕಾಯಿಲೆ ಇದೆ ಎಂಬುದು ಆಗಲೇ ಗೊತ್ತಾದದ್ದು. ಬೆಳಗಾವಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿ ಕಳಿಸಿದರು. ಅಂದಿನಿಂದ ಅವನು ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಊರುಗೋಲು ಮೂಲೆಯಲ್ಲಿ ನಿಂತಲ್ಲೇ ನಿಂತಿತ್ತು. ಹೊರಸಿನಿಂದ ಇಳಿಸಲು ಹೆಂಡತಿ ರಾಯವ್ವನೋ ರೇಣುವೋ ಬೇಕು. ನೀರು, ಸಾಕು, ಬ್ಯಾಡ, ಇಷ್ಟೇ ಮಾತು.

ಲಾರಿಯ ಮಾಲಕ ಮಲ್ಲಿಕಾರ್ಜುನ ಸಾವಕಾರರ ಮನೆಯಿಂದ ಹದಿನೈದು ದಿನದ ಹಿಂದೆ ಒಂದು ಹಳೆಯ ಗೇಮ್ ಮಷೀನು ಬಂತು. ಅವರ ಮಗ ಅದನ್ನು ಆಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಜೊತೆಗೆ ಒಂದೇ ಸಿಡಿ. ಲಾರಿ ಓಡಿಸುವ ಆಟದ್ದು. ರೇಣು ಅದನ್ನು ಟಿವಿಗೆ ಜೋಡಿಸಿ ಅಪ್ಪನ ಕೈಯಲ್ಲಿ ಗುಂಡಿಗಳ ಹಿಡಿಕೆ ಇಟ್ಟಾಗ ಅವನು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ, "ಇದಕ್ಕ ಹಾರ್ನ್ ಇಲ್ಲನು?" ಎಂದ. ಮತ್ತೆ, "ಈ ಮಂದಿ ಎಲ್ಲಾ ಬಲಕ್ಕ ಹೊಂಟಾರಲ್ಲಬೇ, ಇವರಿಗಿ ಲೈಸನ್ಸ್ ಕೊಟ್ಟಾಂವ ಯಾಂವ?" ಎಂದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ರಾಯವ್ವನ ಕೈ ನಿಂತಿತು. ಕಾಲು ತಾಸಿನ ಬಳಿಕ ಲಾರಿ ರಸ್ತೆಯ ನಡುವೆ ಕಲ್ಲಾಗಿ ನಿಂತುಬಿಟ್ಟಿತು. ಸಿಡಿ ಮತ್ತೆ ಓಡಲಿಲ್ಲ.

"ಬ್ಯಾರೇದು ತರತೇನಪ್ಪಾ," ಎಂದಿದ್ದಳು ರೇಣು.

ಅದಕ್ಕೇ ಅವಳು ಹೋದ ವಾರ ಈ ಅಂಗಡಿಗೆ ಬಂದದ್ದು. ಗಿರಾಕಿಗಳ ಹಿಂದೆ ನಿಂತು, ಎಲ್ಲರೂ ಹೋಗುವವರೆಗೆ ಕಾದು, ಸಣ್ಣ ದನಿಯಲ್ಲಿ "ಗಾಡಿ ಗೇಮ್ ಐತೇನ್ರಿ?" ಎಂದು ಕೇಳಿದಳು. ಕಾಂತೇಶ ಒಟ್ಟಿಲಿನಿಂದ ಒಂದನ್ನು ಎಳೆದು, ಬಿಳಿ ಹಾಳೆಯಲ್ಲಿ ಸುತ್ತಿ ಕೊಟ್ಟ. ಮನೆಗೆ ತಂದು ಹಾಕಿದರೆ ಮೋಟರ್ ಸೈಕಲ್ಲುಗಳು. ಒಂದರ ಹಿಂದೊಂದು ಚೀರುತ್ತ ಓಡಿ ಕಂಬಕ್ಕೆ ಬಡಿದು ಬಿದ್ದವು. ಬೀರಪ್ಪ ಎರಡು ಸಲ ಬಿದ್ದದ್ದನ್ನು ನೋಡಿ, "ಇದು ಗಾಡಿ ಅಲ್ಲವ್ವಾ," ಎಂದು ಹಿಡಿಕೆಯನ್ನು ಕೆಳಗಿಟ್ಟ. ಆದರೂ ಮರುದಿನ ಕೇಳಿದ: "ಬದಲ ಮಾಡಿ ಕೊಡತಾನೇನ?" ಶನಿವಾರ ಅವಳು ಬರಿಗೈಯಲ್ಲಿ ಬಂದಾಗಲೂ ಕೇಳಿದ. ನಿನ್ನೆ ಕೇಳಲಿಲ್ಲ. ಗೋಡೆಗೆ ತಿರುಗಿ ಮಲಗಿದವನು ಊಟಕ್ಕೂ ಈ ಕಡೆ ತಿರುಗಲಿಲ್ಲ. ಇವತ್ತೂ ಬರಿಗೈಯಲ್ಲಿ ಹೋದರೆ ಮುಂದೆ ಎಂದೂ ಕೇಳಲಾರ ಎಂದು ರೇಣುವಿಗೆ ಅನಿಸಿತ್ತು.

ಅಂಗಡಿಗೆ ಒಬ್ಬ ಬಂದ. ಕಿವಿಗೆ ಹಾಕಿಕೊಳ್ಳುವ ವೈರು ಕೊಂಡು, ಫೋನು ಎತ್ತಿ ಗಾಜಿನ ಮೇಲೆ ಅಂಟಿಸಿದ ಕ್ಯೂಆರ್ ಚೌಕಕ್ಕೆ ಹಿಡಿದ. ಮೇಲಿಟ್ಟಿದ್ದ ಸಣ್ಣ ಪೆಟ್ಟಿಗೆಯೊಳಗಿಂದ ಹೆಣ್ಣುದನಿಯೊಂದು ಹಣ ಬಂದಿದೆ ಎಂದು ಕೂಗಿ ಹೇಳಿತು. ರೇಣು ಎದ್ದು ಹೋದಳು.

"ಬೋಣಿ ಆತಲ್ರಿ."

"ಅದೆಲ್ಲಿ ಬೋಣಿ?" ಎಂದ ಕಾಂತೇಶ. "ಅದು ಬ್ಯಾಂಕಿಗಿ ಹೋತು. ನನ್ನ ಕೈಗೇನ ಬಂತು? ಬೋಣಿ ಅಂದ್ರ ಕೈಯಾಗ ರೊಕ್ಕಾ ಬೀಳಬೇಕು, ಕಣ್ಣಿಗಿ ಒತ್ತಗೋಬೇಕು. ಫೋನ್ ಕಣ್ಣಿಗಿ ಒತ್ತಗೊಳ್ಳಾಕ ಬರತೈತೇನ?"

ರೇಣು ಮತ್ತೆ ಕಲ್ಲಿನ ಮೇಲೆ ಬಂದು ಕುಳಿತಳು. ಇನ್ನೊಬ್ಬ ಬಂದ. ಮತ್ತೊಬ್ಬಳು ಬಂದಳು. ಎಲ್ಲರೂ ಫೋನು ಹಿಡಿದರು. ಪೆಟ್ಟಿಗೆ ಕೂಗಿತು. ಕಾಂತೇಶ ಪ್ರತಿ ಸಲ ರೇಣುವಿನ ಕಡೆ ನೋಡಿ, ಖಾಲಿ ಅಂಗೈ ಎತ್ತಿ ತೋರಿಸಿದ. ಅವನಿಗೆ ಇದೊಂದು ತಮಾಷೆಯಾಗಿತ್ತು.

"ಈ ಫೋನ್ ಬಂದ ಮ್ಯಾಲ ಅವನ ಬೋಣಿ ಮಧ್ಯಾಹ್ನ ಆಗತೈತಿ," ಎಂದಳು ಕಾಡವ್ವ. "ಒಂದೊಂದ ದಿನಾ ಬೋಣಿ ಆಗಲೇ ಇಲ್ಲ ಅಂತಾನ. ಆದ್ರೂ ರೊಕ್ಕದ ಗಲ್ಲೆ ತುಂಬಿರತೈತಿ. ಹೆಂಗ ಅಂತ ನೀನ ಹೇಳು."

ಅಷ್ಟರಲ್ಲಿ ಶಾಲೆಯ ಚೀಲ ಹೊತ್ತ ಮಗುವನ್ನು ಎಳೆದುಕೊಂಡು ಹೆಂಗಸೊಬ್ಬಳು ಬಂದು ಎರಡು ಪೇರಲಹಣ್ಣು ಆರಿಸಿಕೊಂಡಳು. ಕಾಡವ್ವ ನಾಣ್ಯವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಮಗುವಿನ ಕೈಯಲ್ಲಿ ಮೂರನೆಯ ಹಣ್ಣೊಂದನ್ನು ಇಟ್ಟಳು.

"ಅದ್ಯಾಕ ಕೊಟ್ಟಿ ಆಯಿ?" ಎಂದು ರೇಣು ಕೇಳಿದಳು. ಬೆಳಗಿನಿಂದ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಬೋಣಿ ಗಿರಾಕಿ ಅಲ್ಲನ ಆಕಿ? ಬೋಣಿ ಗಿರಾಕಿಗಿ ಇಲ್ಲ ಅನಬಾರ್ದು, ಮನಸ್ಸ ನೋಯಿಸಿ ಕಳಸಬಾರ್ದು. ಆಕಿ ಬೈಕೋಂತ ಹೋದ್ಲು ಅಂದ್ರ ಬುಟ್ಟಿ ತುಂಬಾ ಹಣ್ಣ ಸಂಜೀಮಟಾ ಹಂಗ ಉಳೀತಾವ."

ರೇಣು ಕೈಚೀಲದ ಬಾಯಿ ಬಿಚ್ಚಿ ನೋಡಿದಳು. ಒಳಗೆ ಸೀರೆಗೆ ಫಾಲು ಹಚ್ಚಿದ ಕೂಲಿ ಇತ್ತು. ಎಲ್ಲವೂ ನೋಟು. ಅವಳ ಫೋನು ಬರೀ ಮಾತಾಡಲಿಕ್ಕೆ ಬರುವಂಥದ್ದು. ಕಾಂತೇಶ ಒಬ್ಬನೇ ಇದ್ದಾಗ ಅವಳು ಎದ್ದಳು. ಸೆರಗಿನಂತೆ ದುಪಟ್ಟಾ ಹೊದ್ದುಕೊಂಡು ಮೆಟ್ಟಿಲು ಹತ್ತಿದಳು.

"ಅಣ್ಣಾರ, ಆ ಸಿಮ್ ತಗಿಯೂ ಪಿನ್ನ ಎಷ್ಟರಿ?"

"ಹತ್ತ ರೂಪಾಯಿ," ಎಂದ ಕಾಂತೇಶ, ಬಿಚ್ಚಿಟ್ಟ ಫೋನೊಂದರಿಂದ ತಲೆ ಎತ್ತದೆ. ಪಿನ್ನನ್ನು ಗಾಜಿನ ಮೇಲೆ ಸರಿಸಿ ಕೈ ಚಾಚಿದ.

ರೇಣು ನೋಟನ್ನು ಅವನ ಅಂಗೈಯಲ್ಲಿ ಇಟ್ಟಳು. ಅವನ ಕೈ ತನ್ನಷ್ಟಕ್ಕೆ ಮೇಲೆದ್ದಿತು. ಎಡಗಣ್ಣಿಗೆ, ಬಲಗಣ್ಣಿಗೆ, ಆಮೇಲೆ ಹಿಂದೆ ತಿರುಗಿ ಲಕ್ಷ್ಮಿಯ ಫೋಟೋಕ್ಕೆ. ಗಲ್ಲೆಯೊಳಗೆ ನೋಟು ಬಿದ್ದ ಮೇಲೆಯೇ ಅವನು ಅವಳ ಮುಖ ನೋಡಿದ್ದು.

ರೇಣು ಸಿಡಿಯನ್ನು ಗಾಜಿನ ಮೇಲೆ ಇಟ್ಟಳು. "ಈಗ ಬೋಣಿ ಆತ್ರಿ," ಎಂದಳು.

ಕಾಂತೇಶ ಸಿಡಿಯನ್ನೂ ಅವಳನ್ನೂ ನೋಡಿದ. "ಬೋಣಿ ಆತು ಖರೆ. ಆದ್ರ ನಂದೇನ ತಪ್ಪೈತಿ ಹೇಳು. ನೀ ಗಾಡಿ ಗೇಮ್ ಕೇಳಿದಿ, ನಾ ಗಾಡಿ ಗೇಮ್ ಕೊಟ್ಟೇನಿ. ಊರ ಮಂದಿನ್ನೆಲ್ಲಾ ಕೇಳು, ಗಾಡಿ ಅಂದ್ರ ಮೋಟರ್ ಸೈಕಲ್ಲ."

"ನಮ್ಮಪ್ಪ ಲಾರಿ ಹೊಡೀತಿದ್ದರ್ರಿ," ಎಂದಳು ರೇಣು. ಗಾಜಿನ ಕೆಳಗಿನ ಚಾರ್ಜರುಗಳನ್ನು ನೋಡುತ್ತ ಮಾತಾಡಿದಳು. "ನಮ್ಮ ಮನ್ಯಾಗ ಗಾಡಿ ಬಂತು ಅಂದ್ರ ಲಾರಿ ಬಂತು ಅಂತ. ಗಾಡಿ ಲೋಡ ಆತು, ಗಾಡಿ ಕೆಟ್ಟ ನಿಂತಿತು, ಎಲ್ಲಾ ಲಾರೀನರಿ. ಇನ್ನೊಂದಕ್ಕೂ ಗಾಡಿ ಅಂತಾರ ಅಂತ ನನಗ ನೆಪ್ಪ ಆಗಲಿಲ್ರಿ. ಈಗ ಅವರಿಗಿ ಕಾಲಿಲ್ಲ. ಇದನ್ನ ಆಡೂದು ಅವರ."

ಕಾಂತೇಶ ಏನೋ ಹೇಳಲು ಹೋದ. ಹೊರಗಿನಿಂದ ಕಾಡವ್ವನ ದನಿ ಬಂತು. "ಕಾಂತ್ಯಾ, ಬೋಣಿ ಗಿರಾಕಿಗಿ ಎದುರ ಮಾತಾಡಬ್ಯಾಡೋ. ಸಂಜೀಮಟಾ ನೊಣಾ ಹೊಡಕೋಂತ ಕುಂದರತಿ ನೋಡು."

"ನೀ ಸುಮ್ನ ಪ್ಯಾರಲ ಮಾರು ಬೇ," ಎಂದ ಅವನು. ಆದರೆ ಸ್ಟೂಲು ಸರಿಸಿ ಕಪಾಟಿನ ಮೇಲಿನ ಸಾಲಿಗೆ ಕೈ ಹಾಕಿದ. ಧೂಳು ಉದುರಿತು. ಚೆಂಡಾಟ, ಕುಸ್ತಿ, ಬಂದೂಕು ಎಂದು ಒಂದೊಂದನ್ನೇ ಹೇಳುತ್ತ ಪಕ್ಕಕ್ಕೆ ಇಟ್ಟ. "ಲಾರೀದು ಯಾರೂ ಕೇಳೂದ ಇಲ್ಲವ್ವಾ... ಹಾಂ." ಹಳದಿ ಲಾರಿಯ ಚಿತ್ರವಿದ್ದ ಡಬ್ಬಿಯಿಂದ ಸಿಡಿ ತೆಗೆದು, ಅಂಗಿಯ ಅಂಚಿನಿಂದ ಒರೆಸಿ ಮುಂದಿಟ್ಟ. "ತಗೋ."

ರೇಣು ತೆಗೆದುಕೊಳ್ಳಲಿಲ್ಲ. "ಹಚ್ಚಿ ತೋರಸ್ರಿ."

"ಹಳೇ ಮಾಲಿಗಿ ಟೆಸ್ಟಿಂಗ್ ಇಲ್ಲ. ಬೋರ್ಡ್ ನೋಡಿಲ್ಲೇನ?"

ಅವಳು ಹೋಗಲಿಲ್ಲ. ಕವರು ಕೇಳಲು ಬಂದ ಗಿರಾಕಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತಳು. ಅವನು ಹೋದ ಮೇಲೆ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಳು. ಕಾಂತೇಶ ಬಿಚ್ಚಿಟ್ಟ ಫೋನಿನ ಎರಡು ಮೊಳೆ ತಿರುಗಿಸಿದ. ಒಂದು ಕೆಳಗೆ ಬಿತ್ತು. ಬಗ್ಗಿ ಹುಡುಕಿದ. ಎದ್ದಾಗಲೂ ಅವಳು ಅಲ್ಲೇ ಇದ್ದಳು. ಉಸಿರು ಬಿಟ್ಟು, ಕೌಂಟರಿನ ಕೆಳಗಿಂದ ಮಷೀನೊಂದನ್ನು ಎಳೆದು ಸಣ್ಣ ಟಿವಿಗೆ ವೈರು ಚುಚ್ಚಿದ. ಲಾರಿ ಕಂಡಿತು, ರಸ್ತೆ ಕಂಡಿತು. ರೇಣು ಒಂದು ಊರು ದಾಟುವವರೆಗೆ ಕಾದು, "ಸಾಕ್ರಿ," ಎಂದಳು.

"ಓಡಲಿಲ್ಲ ಅಂದ್ರ ತಗೊಂಡ ಬಾ," ಎಂದ ಕಾಂತೇಶ, ಡಬ್ಬಿಗೆ ರಬ್ಬರು ಹಾಕುತ್ತ. ಸ್ವಲ್ಪ ತಡೆದು, "ಬೋಣಿ ಆದ ಮ್ಯಾಲ," ಎಂದು ಸೇರಿಸಿದ.

ಅವಳು ಮನೆ ಮುಟ್ಟಿದಾಗ ಮಧ್ಯಾಹ್ನ. ಅವ್ವ ಸೋಯಾಬೀನಿನ ಕಳೆ ತೆಗೆಯಲು ಹೋದವಳು ಬಂದಿರಲಿಲ್ಲ. ಬೀರಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ರೇಣು ಸಿಡಿ ಹಾಕಿದಳು. ಇಂಜಿನ್ನಿನ ಸದ್ದು ಮನೆ ತುಂಬಿತು. ಹೊರಸು ಕಿರುಗುಟ್ಟಿತು.

"ಡೀಸಲ್ ಗಾಡಿ," ಎಂದ ಬೀರಪ್ಪ.

ಅವಳು ಹಿಡಿಕೆಯನ್ನು ಅವನ ಕೈಗೆ ಕೊಟ್ಟಳು. ಅವನು ಎದ್ದು ಕುಳಿತು ಬಹಳ ದೂರ ಓಡಿಸಿದ. ತಿರುವಿನಲ್ಲಿ ಅವನ ಭುಜವೂ ವಾಲುತ್ತಿತ್ತು. ಕೊನೆಗೆ ಒಂದು ಗೋದಾಮು ಬಂತು. ಲಾರಿಯನ್ನು ಹಿಂದಕ್ಕೆ ತಂದು ಅದರ ಬಾಗಿಲಿಗೆ ಹಚ್ಚಬೇಕು ಎಂದು ಬಾಣದ ಗುರುತು ಮಿನುಗಿತು. ಬೀರಪ್ಪ ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಲಾರಿ ಗೋಡೆಗೆ ತಾಗಿತು.

"ಕ್ಲೀನರ್ ಇಲ್ಲದ ರಿವರ್ಸ್ ಹೆಂಗ ತಗೋಬೇಕ ಇದನ್ನ," ಎಂದು ಅವನು ಹಿಡಿಕೆಯನ್ನು ಮಗಳ ಕಡೆ ಚಾಚಿದ. "ನೀ ಹಿಡಿ."

"ನನಗ ಬರೂದಿಲ್ಲಪ್ಪಾ."

"ಬರೂದೇನೈತಿ ಅದರಾಗ. ನೀ ಹಿಡಿ. ನಾ ಇಳದು ಹಿಂದ ನೋಡತೇನಿ."

ಅವನು ಹೊರಸಿನ ಅಂಚಿಗೆ ಎರಡೂ ಕೈ ಊರಿ ಎಡಗಾಲನ್ನು ನೆಲಕ್ಕೆ ಬಿಟ್ಟ. ಮೈ ಒಂದು ಕಡೆ ಜಾರಿತು. ರೇಣು ಧಡಕ್ಕನೆ ಏಳಹೋದಳು.

"ನೀ ಏಳಬ್ಯಾಡ. ಗಾಡಿ ಚಾಲೂ ಐತಿ."

ಅವಳು ಕುಳಿತಳು. ಬೀರಪ್ಪ ನೆಲದ ಮೇಲೆ ಕುಳಿತೇ ಅಂಗೈ ಊರುತ್ತ ಸರಿದು ಟಿವಿಯ ಪಕ್ಕಕ್ಕೆ ಹೋದ. ಗೋಡೆಗೆ ಬೆನ್ನು ಕೊಟ್ಟು, ಉಸಿರು ಹದಕ್ಕೆ ಬರುವವರೆಗೆ ತಡೆದು, ಮಗಳಿಗೆ ಕಾಣುವಂತೆ ಒಂದು ಕೈಯನ್ನು ಎತ್ತಿ ಬೆರಳುಗಳನ್ನು ಆಡಿಸಿದ.

"ಬರ್ಲಿ," ಎಂದ. "ಬರ್ಲಿ, ಬರ್ಲಿ. ಎಡಕ್ಕ ಕಟ್ ಹೊಡಿ. ಅಂಜಬ್ಯಾಡ, ಜಾಗಾ ಐತಿ. ಬರ್ಲಿ."

ರೇಣು ಆ ಬೆರಳುಗಳನ್ನೇ ನೋಡುತ್ತ ಗುಂಡಿ ಒತ್ತಿದಳು. ಹಳದಿ ಲಾರಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು.